ಬಾಲವಿಲ್ಲದ ಆರು

ನಾನೂರು ಪದ ಮೀರಬಾರದು ಎಂದಿದ್ದಾರೆ ಸಂಪಾದಕರು.
ವಿಶ್ವಕೋಶದ ನಾಲ್ಕನೇ ಸಂಪುಟ;
ಕೆಂಜಿರುವೆ ಮುಗಿದ ಮೇಲೆ,
ಕೆರೆ ಶುರುವಾಗುವ ಮೊದಲು
ಮೇಷ್ಟ್ರಿಗೆ ಒಂದಿಷ್ಟು ಜಾಗ.

ಕೆರಿಯಪ್ಪ, ಕಾನುಗೋಡು (1929–1991): ಗಣಿತಜ್ಞ.
ಸೊರಬ ತಾಲ್ಲೂಕಿನಲ್ಲಿ ಜನನ.
ಇಷ್ಟಕ್ಕೆ ಯಾರ ತಕರಾರೂ ಇಲ್ಲ.
‘ಬಡ ಕುಟುಂಬದಲ್ಲಿ’ ಎಂದು ಸೇರಿಸಿದ್ದೆ.
ಅಂಚಿನಲ್ಲಿ ಕೆಂಪು ಶಾಯಿ: ಎಷ್ಟು ಬಡ? ಆಧಾರ?
ಅಪ್ಪ ಬಗನಿ ಮರ ಹತ್ತುತ್ತಿದ್ದ,
ಒಂದು ಸಂಜೆ ಇಳಿಯಲಿಲ್ಲ, ಬಿದ್ದ.
ಇದನ್ನು ಅವರೇ ಹೇಳಿದ್ದು,
ಬೋರ್ಡು ಒರೆಸುತ್ತ, ನಮಗೆ ಬೆನ್ನು ಹಾಕಿ.
ಬೋರ್ಡಿಗೆ ಹೇಳಿದ್ದು ಆಧಾರವಾಗುವುದಿಲ್ಲ.
‘ಬಡ’ ಹೊಡೆದುಹಾಕಿದೆ.

‘ಮೇಧಾವಿ’ ಹೋಯಿತು.
‘ಸರಳಜೀವಿ’ ಹೋಯಿತು, ಹೋದದ್ದೇ ಒಳ್ಳೆಯದು,
ಸರಳರೇನಲ್ಲ ಆತ:
ಲೆಕ್ಕ ತಪ್ಪಿದರೆ ನೋಟ್‌ಬುಕ್ಕು ಕಿಟಕಿಯಾಚೆ,
ದುರ್ಗಿಗುಡಿಯ ಚರಂಡಿಯಿಂದ ಎತ್ತಿ ತಂದು
ಒಣಗಿಸಿಕೊಳ್ಳುವುದು ನಮ್ಮ ಹಣೆಬರಹ.
ಇದನ್ನೂ ಬರೆಯುವಂತಿಲ್ಲ.

ತುಂಗೆ ಏರಿದ ದಿನ ಊರಿಗೆ ಊರೇ ಸೇತುವೆ ಮೇಲೆ.
ಕೋರ್ಪಲಯ್ಯನ ಮಂಟಪ ಮುಳುಗಿತೇ, ಇಲ್ಲವೇ,
ಎಲ್ಲರಿಗೂ ಅದೊಂದೇ ಪ್ರಶ್ನೆ.
ಅವರು ಬೀಡಿ ಆರಿದ್ದೂ ತಿಳಿಯದೆ ನಿಂತಿದ್ದರು.
‘ಮುಳುಗಿದ್ದಕ್ಕೂ ಮುಳುಗದ್ದಕ್ಕೂ ಮಧ್ಯೆ
ಎಷ್ಟೊಂದು ಜಾಗ ಇದೆ ನೋಡಮ್ಮ.’
ಕೆರಿಯಪ್ಪ ಅಸಮತೆ ಹುಟ್ಟಿದ್ದು ಅಲ್ಲಿ ಎಂದು ನನ್ನ ನಂಬಿಕೆ.
ನನ್ನ ನಂಬಿಕೆಗೆ ಕೋಶದಲ್ಲಿ ಕಾಲಂ ಇಲ್ಲ.
ಬರೆದೆ: ‘ಒಂದು ಸಂಖ್ಯೆಯ ಭಾಜಕಗಳ ನಡುವಣ
ಅಂತರಕ್ಕೆ ಮಿತಿಯೊಂದನ್ನು ಸೂಚಿಸಿದರು (1968).’

ಆ ಪ್ರಬಂಧದ ಕೊನೆಗೆ ಒಂದು ಪಟ್ಟಿ,
ನೂರಾ ಎಂಬತ್ತು ಸಾಲು.
ಕೆಳಗೆ ಸಣ್ಣಕ್ಷರದಲ್ಲಿ: ಲೇಖಕರೇ ಲೆಕ್ಕ ಹಾಕಿದ್ದು.

ಹಾಕಿದವಳು ನಾನು.
ಹತ್ತೊಂಬತ್ತು ವಯಸ್ಸು, ಆರು ತಿಂಗಳು.
ಭದ್ರಾವತಿಯ ಕಾಗದದ ಕಾರ್ಖಾನೆಯಿಂದ ಅಪ್ಪ ತರುತ್ತಿದ್ದ ಕತ್ತರಿಕೆ,
ಎರಡು ಬೆರಳಗಲ, ಮೊಳದುದ್ದ;
ಅಂಕಿಗಳು ಒಂದರ ಹೆಗಲ ಮೇಲೊಂದು ಇಳಿಯಲು
ಅದಕ್ಕಿಂತ ಒಳ್ಳೆಯ ಹಾಳೆ ಇಲ್ಲ.
ಕನ್ನಡ ಶಾಲೆಯ ಕೈ ನನ್ನದು,
೧ ೨ ೩ ಎಂದೇ ಓಡುತ್ತಿತ್ತು.
ಮೇಷ್ಟ್ರು ರಾತ್ರಿ ಕೂತು
ಅವನ್ನು ಇಂಗ್ಲಿಷ್ ಅಂಕಿಗೆ ಇಳಿಸುತ್ತಿದ್ದರು.
ನನಗೆ ಸಂದದ್ದು ಒಂದು ಪೆನ್ನು.

ಕದ್ದರು ಎನ್ನಲೇ? ಮರೆತರು ಎನ್ನಲೇ?
ಎರಡು ಕ್ರಿಯಾಪದವೂ ಒಂದೊಂದು ಕಡೆ ವಾಲುತ್ತವೆ.
ಮೊನ್ನೆ ಸಂಪಾದಕರ ಕಾಗದ:
ನೀವು ಅವರ ಶಿಷ್ಯೆಯೇ? ಹೌದಾದರೆ ತಿಳಿಸಿ,
ಬೇರೆಯವರಿಂದ ಬರೆಸುತ್ತೇವೆ.
ಇನ್ನೂ ಉತ್ತರಿಸಿಲ್ಲ.

ನಲವತ್ತೊಂದನೇ ಸಾಲಿನ ದಿನ
ಆ ಪೆನ್ನಿನಲ್ಲಿ ಶಾಯಿ ತೀರುತ್ತ ಬಂದಿತ್ತು.
೬ ಬರೆದೆ. ಬಾಲ ಮೂಡಲಿಲ್ಲ.
ಬಾಲವಿಲ್ಲದ ಆರು ಏನೆಂದು
ಒಂದನೇ ಕ್ಲಾಸಿನ ಮಗುವೂ ಓದೀತು;
ಅವರೂ ಹಾಗೇ ಓದಿದರು.
ಆರು ವರ್ಷದ ಮೇಲೆ ಹಂಗೇರಿಯ ಯಾರೋ ಒಬ್ಬ
ಎರಡು ಸಾಲಿನ ತಿದ್ದುಪಡಿ ಅಚ್ಚು ಹಾಕಿಸಿದ.
ಮೂರಕ್ಕೂ ಆರಕ್ಕೂ ಏನು ಹೋಲಿಕೆ,
ಈ ಕೈ ಜಾರಿದ್ದು ಹೇಗೆಂದು
ಬುಡಾಪೆಸ್ಟಿನಲ್ಲಿ ಯಾರಿಗೆ ಹೊಳೆಯಬೇಕು?

ಆ ವಾರ ನನಗೊಂದು ಪೋಸ್ಟ್‌ಕಾರ್ಡು ಬಂತು.
ಒಕ್ಕಣೆ ಇಲ್ಲ, ರುಜು ಇಲ್ಲ.
ನಡುವೆ ಒಂದೇ ಒಂದು ೬,
ಬಾಲವನ್ನು ಕಾರ್ಡಿನ ಅಂಚಿನವರೆಗೆ ಎಳೆದಿದ್ದರು.
ರುಜುವಿಲ್ಲದ ಕಾರ್ಡೂ ಆಧಾರವಲ್ಲ.
ಗೊತ್ತು. ಕೇಳುವುದೂ ಇಲ್ಲ.

ಕೊನೆಗೆ ಇದೊಂದು ವಾಕ್ಯ ಇಟ್ಟಿದ್ದೇನೆ,
ಅಚ್ಚಾದ ಪುರಾವೆ ಇರುವಂಥದ್ದು,
ಯಾವ ಕೆಂಪು ಶಾಯಿಯೂ ಮುಟ್ಟಲಾರದ್ದು:

‘ಪಟ್ಟಿಯ 41ನೇ ಸಾಲಿನಲ್ಲಿ 6 ಇರಬೇಕಾದ ಕಡೆ 3 ಇದೆ.
ಇದರಿಂದ ಫಲಿತಾಂಶಕ್ಕೆ ಬಾಧೆಯಿಲ್ಲ.
ಕಾರಣ ತಿಳಿದುಬಂದಿಲ್ಲ.’